ಮೀಟರಿನಲ್ಲಿ 58 ಬಂತು ಅಂತ ಬಾವಿ ನೀರು ನಂಬಬೇಡಿ

ಅಘನಾಶಿನಿ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಸಸಿ ನೆಡಲು ಬಂದ ಮೂವರು ವಿದೇಶಿ ಸ್ವಯಂಸೇವಕರು ಆಗಸ್ಟಿನಲ್ಲಿ ಕುಮಟಾ ಹತ್ತಿರದ ನಮ್ಮ ಮನೆಯಲ್ಲಿ ಉಳಿದಿದ್ದರು. ನಾಲ್ಕನೇ ದಿನ ಬೆಳಗಿನ ಜಾವ ಒಬ್ಬಳಿಗೆ ವಾಂತಿ ಶುರುವಾಯಿತು. ಮಧ್ಯಾಹ್ನದೊಳಗೆ ಮೂವರಿಗೂ ನೀರಿನಂಥ ಭೇದಿ. ಬಚ್ಚಲ ಬಾಗಿಲು ಹಿಡಿದು ನಿಂತ ಆ ಹುಡುಗಿಯ ತುಟಿ ಒಣಗಿ ಬಿರಿದಿತ್ತು, ಕೈ ನಡುಗುತ್ತಿತ್ತು. ಆಸ್ಪತ್ರೆಯಲ್ಲಿ ಎರಡು ಬಾಟಲಿ ಸಲೈನ್ ಹೋದ ಮೇಲೇ ಅವಳು ಮಾತಾಡಿದ್ದು.

ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ನೀರು ಕುದಿಸಿದ್ದೋ, ಬಿಸಿ ಮಾಡಿದ್ದೋ?"

ಆಯಿ ಬಿಸಿ ಮಾಡುತ್ತಿದ್ದಳು. ಹಬೆ ಕಂಡ ಕೂಡಲೇ ಇಳಿಸಿ, ಬೇಗ ಆರಲಿ ಅಂತ ಒಂದು ಚೊಂಬು ತಣ್ಣೀರು ಸೇರಿಸುತ್ತಿದ್ದಳು. ನೀರು ಚೆನ್ನಾಗಿದೆ ಅನ್ನೋ ಧೈರ್ಯ ನಮ್ಮೆಲ್ಲರಿಗೂ ಇತ್ತು. ಪಂಪು ರಿಪೇರಿಗೆ ಬಂದವ ಟಿಡಿಎಸ್ ಮೀಟರು ಅದ್ದಿ, 58 ತೋರಿಸಿ, ಫಸ್ಟ್ ಕ್ಲಾಸ್ ನೀರು ಅಂದಿದ್ದ.

ಆ ಮೀಟರು ಹೇಳುವುದು ನೀರಲ್ಲಿ ಕರಗಿದ ಲವಣ ಎಷ್ಟು ಅಂತ ಮಾತ್ರ. ರೋಗಾಣು ಅದಕ್ಕೆ ಕಾಣುವುದೇ ಇಲ್ಲ. ನಮ್ಮ ಪಾಯಿಖಾನೆ ಗುಂಡಿ ಬಾವಿಯಿಂದ ಹತ್ತೇ ಹೆಜ್ಜೆ. ಚಿರೆಕಲ್ಲಿನ ನೆಲದ ತುಂಬ ತೂತು, ಮಳೆಗಾಲದಲ್ಲಿ ನೀರು ಕೈಗೆಟುಕುವಷ್ಟು ಮೇಲೆ ಬಂದಿರುತ್ತದೆ. ಗುಂಡಿಯದ್ದು ಬಾವಿಗೆ ಇಳಿಯಲು ಇನ್ನೇನು ಬೇಕು? ಆಶಾ ಕಾರ್ಯಕರ್ತೆ ತಂದ ಪರೀಕ್ಷೆ ಬಾಟಲಿಗೆ ಬಾವಿ ನೀರು ತುಂಬಿ ಇಟ್ಟೆವು. ಮರುದಿನ ಬೆಳಿಗ್ಗೆ ನೋಡಿದರೆ ಕಪ್ಪಗೆ, ಮಸಿಯ ಹಾಗೆ. ಮಲದ ಕ್ರಿಮಿ ಸೇರಿರಬಹುದು ಅನ್ನೋದಕ್ಕೆ ಅದೇ ಗುರುತು.

"ನಾವು ಇಷ್ಟು ವರ್ಷ ಕುಡಿದದ್ದು ಇದೇ ನೀರಲ್ವಾ?" ಅಂದಳು ಆಯಿ. ಹೌದು. ಅಣ್ಣನ ಮಗನಿಗೆ ಪ್ರತಿ ಮಳೆಗಾಲವೂ ಹೊಟ್ಟೆ ಕೆಡುತ್ತಿತ್ತು, ಹಲಸಿನ ಹಣ್ಣಿನ ಮೇಲೆ ಹಾಕಿ ಸುಮ್ಮನಿರುತ್ತಿದ್ದೆವು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ದಯವಿಟ್ಟು ನೀರು ಕೊತಕೊತ ಕುದಿಯಲು ಬಿಡಿ, ಹಾಗೆ ಒಂದು ನಿಮಿಷ ಕುದಿಯಲಿ. ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಿ, ತಣ್ಣೀರು ಬೆರೆಸಬೇಡಿ, ಲೋಟ ಅದ್ದಬೇಡಿ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಬಹುದು, 1000 ಲೀಟರಿಗೆ ಸುಮಾರು 2.5 ಗ್ರಾಂ, ಆದರೆ ಗುಂಡಿ ಅಲ್ಲೇ ಇರುವವರೆಗೆ ಕೊಳೆ ಮತ್ತೆ ಬರುತ್ತದೆ. ಭೇದಿ ಶುರುವಾದರೆ ಓಆರ್‌ಎಸ್ ಪೊಟ್ಟಣ ಸಿಗಲಿ ಅಂತ ಕಾಯಬೇಡಿ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಗುಟುಕು ಗುಟುಕಾಗಿ ಕುಡಿಸುತ್ತಾ ಆಸ್ಪತ್ರೆಗೆ ಹೊರಡಿ.

ಕಳೆದ ವಾರ ಅಂಥದೇ ಮೀಟರು ಹಿಡಿದು ಇನ್ನೊಬ್ಬ ನಮ್ಮ ಕೇರಿಗೆ ಬಂದಿದ್ದ. ಪಕ್ಕದ ಮನೆಯ ಅಕ್ಕನನ್ನು ಕರೆದು ಆ ಕಪ್ಪು ಬಾಟಲಿ ತೋರಿಸಿದೆ.