ವಿಶಾಖಪಟ್ಟಣದ ಟಿಯು-142 ವಿಮಾನ ಸಂಗ್ರಹಾಲಯ: ಮೊದಲು ಪ್ರೊಪೆಲ್ಲರುಗಳನ್ನು ನೋಡಿ

ವಿಶಾಖಪಟ್ಟಣದ ರಾಮಕೃಷ್ಣ ಬೀಚ್ ರಸ್ತೆಯಲ್ಲಿರುವ ಟಿಯು-142 ವಿಮಾನ ಸಂಗ್ರಹಾಲಯವನ್ನು, ವಿಮಾನಗಳಲ್ಲಿ ಸ್ವಲ್ಪವಾದರೂ ಆಸಕ್ತಿ ಇರುವ ಎಲ್ಲರಿಗೂ ನಾನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ. ಆದರೆ ನೇರವಾಗಿ ವಿಮಾನದೊಳಕ್ಕೆ ಹೋಗಿ, ಒಂದೆರಡು ಫೋಟೊ ತೆಗೆದುಕೊಂಡು ಹೊರಬಂದುಬಿಟ್ಟರೆ ಇಲ್ಲಿನ ಅತ್ಯುತ್ತಮ ಭಾಗ ಕೈತಪ್ಪಿದಂತೆ. ಮೊದಲು ಹೊರಗೆ ನಿಂತು ಎಂಜಿನ್ನುಗಳನ್ನು ನೋಡಬೇಕು. ನಾಲ್ಕು ಎಂಜಿನ್ನುಗಳಲ್ಲಿ ಪ್ರತಿಯೊಂದರ ಮುಂದೆಯೂ ಒಂದರ ಹಿಂದೊಂದು ಎರಡು ಪ್ರೊಪೆಲ್ಲರುಗಳಿವೆ. ಅವು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತವೆ, ವ್ಯಾಸ ಸುಮಾರು 5.6 ಮೀಟರ್. ಹಿಂದಕ್ಕೆ ಬಾಗಿದ ರೆಕ್ಕೆಯನ್ನು ನೋಡಿದರೆ ಜೆಟ್ ವಿಮಾನವೆನಿಸುತ್ತದೆ, ಪ್ರೊಪೆಲ್ಲರುಗಳನ್ನು ನೋಡಿದರೆ ಅದಕ್ಕೂ ಹಿಂದಿನ ಕಾಲದ್ದೆನಿಸುತ್ತದೆ. ಇವೆರಡೂ ಒಂದೇ ಯಂತ್ರದಲ್ಲಿ ಏಕೆ ಕೂಡಿಕೊಂಡವು ಎಂಬುದನ್ನು ತಿಳಿದುಕೊಂಡು ಹೋದವರಿಗೆ ಈ ಸಂಗ್ರಹಾಲಯ ಪೂರ್ತಿಯಾಗಿ ತೆರೆದುಕೊಳ್ಳುತ್ತದೆ.

ಇಲ್ಲಿರುವುದು ಜಲಾಂತರ್ಗಾಮಿಗಳನ್ನು ಹುಡುಕುವ ನೌಕಾಪಡೆಯ ವಿಮಾನವಾದರೂ, ಇದರ ಮೂಲ ಟಿಯು-95 ಎಂಬ ಸೋವಿಯತ್ ದೂರಗಾಮಿ ಬಾಂಬರ್. ಎರಡನೆಯ ಮಹಾಯುದ್ಧದ ನಂತರ ಸೋವಿಯತ್ ಒಕ್ಕೂಟಕ್ಕೆ, ಅಮೆರಿಕವನ್ನು ತಲುಪಿ ಮರಳಬಲ್ಲ ಬಾಂಬರ್ ಬೇಕಾಗಿತ್ತು. ತಮ್ಮ ನೆಲದಲ್ಲಿ ಇಳಿದಿದ್ದ ಅಮೆರಿಕದ ಬಿ-29 ವಿಮಾನಗಳನ್ನು ಬಿಚ್ಚಿ ನೋಡಿ, ಅವುಗಳ ಪ್ರತಿಯಾಗಿ ನಿರ್ಮಿಸಿದ ಟಿಯು-4ಕ್ಕೆ ಅಷ್ಟು ದೂರ ಹೋಗಿ ಬರುವ ಶಕ್ತಿ ಇರಲಿಲ್ಲ. ಆಗಿನ ಜೆಟ್ ಎಂಜಿನ್ನುಗಳು ವೇಗ ಕೊಡುತ್ತಿದ್ದವು, ಆದರೆ ಇಂಧನವನ್ನು ವಿಪರೀತ ಕುಡಿಯುತ್ತಿದ್ದವು; ಮಿಯಾಸಿಶ್ಚೆವ್ ಅವರ ಜೆಟ್ ಬಾಂಬರ್ ಎಂ-4 ಎಡವಿದ್ದು ಈ ದೂರದ ಲೆಕ್ಕದಲ್ಲಿಯೇ. ಆಂದ್ರೇ ತುಪೊಲೆವ್ ಅವರ ತಂಡ, ಟರ್ಬೈನಿನ ಶಕ್ತಿಯಿಂದ ಪ್ರೊಪೆಲ್ಲರನ್ನು ತಿರುಗಿಸುವ ಟರ್ಬೊಪ್ರಾಪ್ ಎಂಜಿನ್ನನ್ನು ಆರಿಸಿಕೊಂಡಿತು. ಕುಯಿಬಿಶೆವ್‌ನಲ್ಲಿ ನಿಕೊಲಾಯ್ ಕುಜ್ನೆತ್ಸೊವ್ ಅವರ ಸಂಸ್ಥೆಯು, ಯುದ್ಧದ ನಂತರ ಕರೆತರಲಾಗಿದ್ದ ಜರ್ಮನ್ ಮತ್ತು ಆಸ್ಟ್ರಿಯನ್ ಎಂಜಿನಿಯರುಗಳ ದುಡಿಮೆಯ ನೆರವಿನಿಂದ ರೂಪಿಸಿದ ಎನ್‌ಕೆ-12 ಎಂಜಿನ್ನು ಸುಮಾರು 15,000 ಅಶ್ವಶಕ್ತಿಯದು. ಅಷ್ಟೊಂದು ಶಕ್ತಿಯನ್ನು ಒಂದೇ ಪ್ರೊಪೆಲ್ಲರಿಗೆ ಹೊರಿಸಬೇಕೆಂದರೆ ಅದು ನೆಲಕ್ಕೆ ತಾಗುವಷ್ಟು ದೊಡ್ಡದಾಗುತ್ತಿತ್ತು. ಎರಡಕ್ಕೆ ಹಂಚಿದ್ದರಿಂದ ಗಾತ್ರ ಹಿಡಿತದಲ್ಲಿ ಉಳಿಯಿತು, ಮುಂದಿನದು ಸುತ್ತಿಸಿಬಿಟ್ಟ ಗಾಳಿಯ ಶಕ್ತಿಯನ್ನು ಹಿಂದಿನದು ಮರಳಿ ಪಡೆಯುವಂತೆಯೂ ಆಯಿತು. ಹೀಗಾಗಿ ಗಂಟೆಗೆ 900 ಕಿಲೋಮೀಟರಿನ ಆಸುಪಾಸಿನ ಗರಿಷ್ಠ ವೇಗವೂ, ಖಂಡಾಂತರ ವ್ಯಾಪ್ತಿಯೂ ಒಂದೇ ವಿಮಾನಕ್ಕೆ ದಕ್ಕಿದವು. ತೆತ್ತ ಬೆಲೆ ಸದ್ದು: ಹಾರಾಟದಲ್ಲಿ ಅಲಗುಗಳ ತುದಿ ಶಬ್ದದ ವೇಗವನ್ನು ಮೀರುವುದರಿಂದ, ಜಗತ್ತಿನ ಅತಿ ಗದ್ದಲದ ಸೇನಾ ವಿಮಾನಗಳ ಸಾಲಿನಲ್ಲಿ ಇದರ ಹೆಸರು ಸದಾ ಇರುತ್ತದೆ.

ಬೆಲೆ ಸದ್ದಿಗಷ್ಟೇ ಸೀಮಿತವಾಗಲಿಲ್ಲ ಎಂಬುದನ್ನೂ ಹೇಳಬೇಕು. 1952ರ ನವೆಂಬರಿನಲ್ಲಿ ಮೊದಲು ಹಾರಿದ ಟಿಯು-95ರ ಮಾದರಿ ವಿಮಾನವು 1953ರ ಮೇ ತಿಂಗಳಲ್ಲಿ, ಎಂಜಿನ್ನಿನ ಗೇರುಪೆಟ್ಟಿಗೆ ಮುರಿದು ಬೆಂಕಿ ಹತ್ತಿ ಬಿದ್ದಿತು. ಪರೀಕ್ಷಾ ಪೈಲಟ್ ಅಲೆಕ್ಸೇ ಪೆರೆಲ್ಯೋತ್ ತಮ್ಮ ಸಿಬ್ಬಂದಿಯಲ್ಲಿ ಹೆಚ್ಚಿನವರು ಪ್ಯಾರಾಚೂಟಿನಲ್ಲಿ ಹಾರಿಕೊಳ್ಳುವವರೆಗೂ ವಿಮಾನ ಬಿಡದೆ ಪ್ರಾಣ ತೆತ್ತರು. ಎರಡೆರಡನ್ನು ಜೋಡಿಸಿ ಒಂದಾಗಿ ಮಾಡಿದ್ದ ಆಗಿನ ಎಂಜಿನ್ನುಗಳ ಜಾಗದಲ್ಲಿ ಎನ್‌ಕೆ-12 ಕೂರಿಸಿದ ಎರಡನೆಯ ಮಾದರಿ ಹಾರಿದ್ದು 1955ರಲ್ಲಿ.

ಟಿಯು-95ರ ಕಾರ್ಯಾಚರಣೆಗಳಲ್ಲಿ ಅತ್ಯಂತ ಭೀಕರವಾದದ್ದು ಯುದ್ಧವಾಗಿರಲಿಲ್ಲ, ಪರೀಕ್ಷೆಯಾಗಿತ್ತು. 1961ರ ಅಕ್ಟೋಬರ್ 30ರಂದು ಆಂದ್ರೇ ದುರ್ನೊವ್ತ್ಸೆವ್ ನಡೆಸಿದ, ವಿಶೇಷವಾಗಿ ಮಾರ್ಪಡಿಸಿದ ಟಿಯು-95 ನೊವಾಯಾ ಜೆಮ್ಲ್ಯಾ ದ್ವೀಪಸಮೂಹದ ಮೇಲೆ ಸುಮಾರು 50 ಮೆಗಾಟನ್ನಿನ ಬಾಂಬನ್ನು ಬಿಟ್ಟಿತು. ಮನುಷ್ಯ ಈವರೆಗೆ ಸ್ಫೋಟಿಸಿದ ಅತಿ ದೊಡ್ಡ ಬಾಂಬ್ ಅದು. ಅದರ ಗಾತ್ರಕ್ಕೆ ಬಾಂಬುಕೋಣೆಯ ಬಾಗಿಲುಗಳನ್ನೇ ತೆಗೆಯಬೇಕಾಯಿತು. ವಿಮಾನ ದೂರ ಸಾಗಲು ಸಮಯ ಸಿಗಲೆಂದು ಬಾಂಬಿಗೆ ಪ್ಯಾರಾಚೂಟ್ ಕಟ್ಟಲಾಗಿತ್ತು. ನಿಜವಾದ ಯುದ್ಧದಲ್ಲಿ ಈ ಬಾಂಬರ್ ಮೊದಲು ಬಳಕೆಯಾದದ್ದು 2015ರಲ್ಲಿ, ಸಿರಿಯಾದ ಮೇಲೆ ಕ್ರೂಸ್ ಕ್ಷಿಪಣಿ ಎಸೆಯಲು. 2022ರಿಂದ ಇದೇ ವಂಶದ ವಿಮಾನಗಳಿಂದ ಹೊರಟ ಕ್ಷಿಪಣಿಗಳು ಉಕ್ರೇನಿನ ನಗರಗಳ ಮೇಲೆ ಬೀಳುತ್ತಿವೆ. ಎಂಜಿನಿಯರಿಂಗನ್ನು ಮೆಚ್ಚುವಾಗ ಈ ಮಾತನ್ನು ಬದಿಗಿಡಲು ನನ್ನಿಂದಾಗುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರೂ ಇದನ್ನು ಅವರಿಗೆ ಹೇಳಬೇಕೆಂದು ನನ್ನ ಅಭಿಪ್ರಾಯ.

ಬಾಂಬರಿಗಾಗಿ ಹುಡುಕಿದ ಆ ದೂರವೇ ಮುಂದೆ ಕಡಲಿನ ಮೇಲೆ ಬೇರೆಯದೇ ಉಪಯೋಗಕ್ಕೆ ಬಂತು. ಅಮೆರಿಕದ ಜಲಾಂತರ್ಗಾಮಿಗಳು ಪೋಲಾರಿಸ್ ಎಂಬ ಅಣ್ವಸ್ತ್ರ ಕ್ಷಿಪಣಿಗಳನ್ನು ಹೊತ್ತು ಸಾಗರಕ್ಕಿಳಿದಾಗ, ಅವುಗಳನ್ನು ಬೆನ್ನಟ್ಟಲೆಂದು ಟಿಯು-95ರಿಂದ ಟಿಯು-142 ರೂಪುಗೊಂಡು 1968ರಲ್ಲಿ ಮೊದಲು ಹಾರಿತು. ಭಾರತೀಯ ನೌಕಾಪಡೆ ಇಂಥ ಎಂಟು ವಿಮಾನಗಳನ್ನು 1988ರಲ್ಲಿ ಸೇರಿಸಿಕೊಂಡಿತು. ಗೋವಾದಲ್ಲಿ ಆರಂಭವಾದ 312ನೇ ದಳ 1992ರಲ್ಲಿ ತಮಿಳುನಾಡಿನ ಅರಕ್ಕೋಣಂನ ಐಎನ್‌ಎಸ್ ರಾಜಾಳಿ ನೌಕಾ ವಾಯುನೆಲೆಗೆ ಸ್ಥಳಾಂತರಗೊಂಡಿತು. ದಳದ ಹೆಸರು ಆಲ್ಬಟ್ರಾಸ್. ನೆಲ ಕಾಣದೆ ಸಾಗರದ ಮೇಲೆ ಬಹುಕಾಲ ತೇಲುವ ಆ ಹಕ್ಕಿಯ ಹೆಸರು ಈ ವಿಮಾನಕ್ಕೆ ಚೆನ್ನಾಗಿಯೇ ಒಪ್ಪುತ್ತದೆ. ಸೇರಿದ ವರ್ಷವೇ ಮಾಲ್ಡೀವ್ಸ್‌ನಲ್ಲಿ ಕ್ಷಿಪ್ರಕ್ರಾಂತಿಯ ಪ್ರಯತ್ನ ನಡೆದು, ಬಾಡಿಗೆ ಬಂಟರು ಒತ್ತೆಯಾಳುಗಳೊಂದಿಗೆ ಹಡಗೊಂದರಲ್ಲಿ ಪರಾರಿಯಾದಾಗ, ಆಪರೇಷನ್ ಕ್ಯಾಕ್ಟಸ್‌ನ ಭಾಗವಾಗಿ ಆ ಹಡಗಿನ ಜಾಡು ಹಿಡಿಯುವ ಕೆಲಸಕ್ಕೆ ಈ ವಿಮಾನಗಳೂ ಒದಗಿದವು. 2017ರ ಮಾರ್ಚ್ 29ರಂದು, 29 ವರ್ಷಗಳ ಅಪಘಾತರಹಿತ ಸೇವೆಯ ನಂತರ ಇವು ನಿವೃತ್ತವಾದವು. ಇವುಗಳ ಜಾಗಕ್ಕೆ ಪಿ-8ಐ ಎಂಬ ಅಮೆರಿಕದ ಜೆಟ್ ವಿಮಾನ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರಪತಿ ರಾಮನಾಥ್ ಕೋವಿಂದ್ ಈ ಸಂಗ್ರಹಾಲಯವನ್ನು ಉದ್ಘಾಟಿಸಿದರು.

ಒಳಗಿನ ಪ್ರದರ್ಶನದಲ್ಲಿ ಎಂಜಿನ್ನು, ಪ್ರೊಪೆಲ್ಲರು, ದತ್ತಾಂಶ ದಾಖಲಿಸುವ ಉಪಕರಣ, ಜೀವರಕ್ಷಕ ಕಿಟ್ಟುಗಳು ಎಲ್ಲವೂ ಇವೆ. ನನ್ನ ಮಟ್ಟಿಗೆ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಸೋನೊಬಾಯ್‌ಗಳ ಮುಂದೆ. ವಿಮಾನ ಇವುಗಳನ್ನು ಕಡಲಿಗೆ ಉದುರಿಸುತ್ತದೆ. ಅವು ತೇಲುತ್ತ ನೀರಿನೊಳಗಿನ ಸದ್ದನ್ನು ಆಲಿಸಿ ರೇಡಿಯೊ ಮೂಲಕ ಮೇಲಕ್ಕೆ ಕಳಿಸುತ್ತವೆ, ಒಳಗೆ ಕುಳಿತವರು ಗಂಟೆಗಟ್ಟಲೆ ಆ ಸದ್ದುಗಳನ್ನು ಸೋಸುತ್ತಾರೆ. ಅಷ್ಟು ಗದ್ದಲದ ವಿಮಾನದಲ್ಲಿ ಕುಳಿತು ಅಷ್ಟು ಸೂಕ್ಷ್ಮವಾದ ಆಲಿಸುವಿಕೆಯ ಕೆಲಸ ಮಾಡಿದ ಸಿಬ್ಬಂದಿಯ ಬಗ್ಗೆ ನನಗೆ ಅಪಾರ ಗೌರವವಿದೆ. ವಿಮಾನದ ಬಾಲದ ನೆಟ್ಟಗಿನ ರೆಕ್ಕೆಯ ಮೇಲ್ತುದಿಯನ್ನೂ ಮರೆಯದೆ ನೋಡಿ: ಅಲ್ಲಿ ಹಿಂದಕ್ಕೆ ಚಾಚಿರುವ ಕೊಳವೆಯಂಥ ಭಾಗ, ನೀರಿನಡಿಯ ಉಕ್ಕಿನ ಒಡಲಿನಿಂದ ಭೂಕಾಂತಕ್ಷೇತ್ರದಲ್ಲಿ ಆಗುವ ಸಣ್ಣ ವ್ಯತ್ಯಾಸವನ್ನು ಗುರುತಿಸುವ ಸಾಧನ.

ಈ ಸ್ಥಳದ ನಿಜವಾದ ಹೆಚ್ಚುಗಾರಿಕೆ ಅದರ ನೆರೆಯಲ್ಲಿದೆ. ಅದೇ ಬೀಚ್ ರಸ್ತೆಯ ಆಚೆಬದಿಯಲ್ಲಿ, 1969ರಿಂದ 2001ರವರೆಗೆ ಸೇವೆಯಲ್ಲಿದ್ದ ಐಎನ್‌ಎಸ್ ಕುರ್ಸುರಾ ಜಲಾಂತರ್ಗಾಮಿ ಸಂಗ್ರಹಾಲಯವಾಗಿ ನಿಂತಿದೆ. ಬೇಟೆಗಾರನೂ ಅಡಗುವವನೂ ಹೀಗೆ ಎದುರುಬದುರಾಗಿ ಸಿಗುವುದು ಅಪರೂಪ. ಮೊದಲು ಕುರ್ಸುರಾದ ಇಕ್ಕಟ್ಟಾದ ಒಳಭಾಗದಲ್ಲಿ ನಡೆದು ಬಂದು, ಆಮೇಲೆ ಸೋನೊಬಾಯ್‌ಗಳನ್ನು ನೋಡುವ ಕ್ರಮವನ್ನು ನಾನು ಸೂಚಿಸುತ್ತೇನೆ.

ವಿಶಾಖಪಟ್ಟಣ ದೂರವಾಯಿತು ಎನ್ನುವವರಿಗೆ ಕಾರವಾರವಿದೆ. ಇದೇ ದಳದ ಮತ್ತೊಂದು ಟಿಯು-142ನ್ನು ಅರಕ್ಕೋಣಂನಿಂದ ಬಿಡಿಭಾಗಗಳಾಗಿ ರಸ್ತೆಯಲ್ಲಿ ತಂದು, ಟ್ಯಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯ ಬಳಿ ಮರುಜೋಡಿಸಲಾಗಿದೆ. ಪ್ರೊಪೆಲ್ಲರುಗಳನ್ನೂ ರೆಕ್ಕೆಯನ್ನೂ ಹತ್ತಿರದಿಂದ ನೋಡಬೇಕೆನ್ನುವ ಕರಾವಳಿಯ ಮತ್ತು ಉತ್ತರ ಕರ್ನಾಟಕದ ಓದುಗರಿಗೆ ಅದೇ ಸಾಕು. ಜಲಾಂತರ್ಗಾಮಿಯನ್ನೂ ಜೊತೆಗೇ ನೋಡಬೇಕೆನ್ನುವವರು ಮಾತ್ರ ವಿಶಾಖಪಟ್ಟಣಕ್ಕೇ ಹೋಗಬೇಕು.