ಟೆಹ್ರಾನ್‌ನಲ್ಲಿ ಗುಟ್ಟಿನ ಪ್ರೀತಿ: ಸೀರೀಸ್ ನೋಡಬೇಕಾ, ಸಿನಿಮಾ ನೋಡಬೇಕಾ?

ಗೂಢಚಾರರ ಕಥೆಯಲ್ಲಿ ಪ್ರೀತಿ ಅನ್ನುವುದು ಸಾಮಾನ್ಯವಾಗಿ ಒಗ್ಗರಣೆ ಅಷ್ಟೇ. ಗುಂಡಿನ ಸದ್ದಿನ ನಡುವೆ ಒಂದು ಮುತ್ತು, ಕೊನೆಗೆ ನಾಲ್ಕು ಹನಿ ಕಣ್ಣೀರು, ಮುಗೀತು. ಆದರೆ ಕಥೆ ಇರಾನಿಗೆ ಹೋದರೆ ಇಷ್ಟರಲ್ಲಿ ಮುಗಿಸಲು ಆಗುವುದಿಲ್ಲ. ಅಲ್ಲಿ ಮದುವೆಯಾಗದ ಹುಡುಗ ಹುಡುಗಿ ಒಟ್ಟಿಗೆ ಓಡಾಡಬೇಕಾದರೂ ಹಿಂದೆ ಮುಂದೆ ನೋಡಬೇಕು. ಬಾಗಿಲ ಒಳಗೆ ಒಂದು ಬದುಕು, ಹೊರಗೆ ಇನ್ನೊಂದು. ಕುಡಿತ, ಕುಣಿತ, ಹಾಡು ಎಲ್ಲ ಪರದೆಯ ಹಿಂದೆ. ಗೂಢಚಾರಿಣಿಯೊಬ್ಬಳು ಅಂಥ ಊರಿನಲ್ಲಿ ಪ್ರೀತಿಗೆ ಬಿದ್ದರೆ, ಅವಳು ಮಾತ್ರ ಅಲ್ಲ, ಅವಳ ಹುಡುಗನೂ ಏನನ್ನೋ ಮುಚ್ಚಿಟ್ಟುಕೊಂಡೇ ಬಂದಿರುತ್ತಾನೆ.

ಈ ಹಿನ್ನೆಲೆಯ ಎರಡು ಕಥೆಗಳನ್ನು ಇತ್ತೀಚೆಗೆ ಒಂದರ ಹಿಂದೆ ಒಂದರಂತೆ ನೋಡಿದೆ. ಒಂದು ‘ಟೆಹ್ರಾನ್’ ಎಂಬ ಸೀರೀಸ್. 2020ರ ಜೂನ್‌ನಲ್ಲಿ ಇಸ್ರೇಲ್‌ನ ಕಾನ್ ವಾಹಿನಿಯಲ್ಲಿ ಬಂತು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ಟಿವಿ ಪ್ಲಸ್‌ಗೆ ಬಂತು. ಇನ್ನೊಂದು ‘ದಿ ಆಪರೇಟಿವ್’ ಎಂಬ ಸಿನಿಮಾ. 2019ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡಿತ್ತು. ಎರಡರಲ್ಲೂ ಇಸ್ರೇಲಿನ ಗುಪ್ತಚರ ಸಂಸ್ಥೆ ಮೊಸಾದ್‌ಗಾಗಿ ಕೆಲಸ ಮಾಡುವ ಹೆಂಗಸು ಟೆಹ್ರಾನ್‌ಗೆ ಹೋಗುತ್ತಾಳೆ. ಎರಡರಲ್ಲೂ ಅಲ್ಲಿನ ಗಂಡಸಿನ ಜೊತೆ ನಂಟು ಬೆಳೆಯುತ್ತದೆ. ಎರಡರ ಹಿಂದೆಯೂ ಇರಾನಿನ ಅಣು ಕಾರ್ಯಕ್ರಮ ಇದೆ. ಇಷ್ಟೊಂದು ಹೋಲಿಕೆ ಇದ್ದರೂ ನೋಡಿದ ಮೇಲೆ ಮನಸ್ಸಿನಲ್ಲಿ ಉಳಿಯುವುದು ಪೂರ್ತಿ ಬೇರೆ ಬೇರೆ.

ಮೊದಲು ಸಿನಿಮಾ. ಕಾಣೆಯಾಗಿದ್ದ ಗೂಢಚಾರಿಣಿ ರೇಚಲ್ ಒಂದು ದಿನ ತನ್ನ ಹಳೆಯ ಮೇಲಧಿಕಾರಿ ಥಾಮಸ್‌ಗೆ ಫೋನ್ ಮಾಡುತ್ತಾಳೆ. ಅಪ್ಪ ತೀರಿಕೊಂಡರು ಅನ್ನುತ್ತಾಳೆ. ಅದು ಸಂಕೇತದ ಮಾತು ಅಂತ ಅವನಿಗೆ ಗೊತ್ತು. ಅವಳು ಯಾರು, ಟೆಹ್ರಾನ್‌ಗೆ ಹೇಗೆ ಹೋದಳು, ಅಲ್ಲಿ ಏನಾಯಿತು ಅನ್ನುವುದನ್ನೆಲ್ಲ ಥಾಮಸ್ ಹೇಳುತ್ತಾ ಹೋಗುತ್ತಾನೆ. ರೇಚಲ್ ಆಗಿ ಡಯಾನೆ ಕ್ರೂಗರ್, ಥಾಮಸ್ ಆಗಿ ಮಾರ್ಟಿನ್ ಫ್ರೀಮನ್. ಇಂಗ್ಲಿಷ್ ಟೀಚರ್ ವೇಷದಲ್ಲಿ ಅಲ್ಲಿ ನೆಲೆಸುವ ರೇಚಲ್‌ಗೆ ಕೊಟ್ಟ ಕೆಲಸ ಫರ್ಹಾದ್ ಎಂಬ ಎಲೆಕ್ಟ್ರಾನಿಕ್ಸ್ ಉದ್ಯಮಿಗೆ ಹತ್ತಿರವಾಗುವುದು. ಆ ಪಾತ್ರ ಮಾಡಿದವರು ಕ್ಯಾಸ್ ಅನ್ವರ್, ಇರಾನಿ ಅಪ್ಪ ಅಮ್ಮನಿಗೆ ಕೆನಡಾದಲ್ಲಿ ಹುಟ್ಟಿದವರು.

ಕ್ರೂಗರ್ ಅಭಿನಯ ನನಗೆ ತುಂಬಾ ಇಷ್ಟವಾಯಿತು. ಬಾಡಿಗೆ ಮನೆಯಲ್ಲಿ ಒಬ್ಬಳೇ ಕೂತಾಗ, ಪರಕೀಯ ಊರಿನ ಬೀದಿಯಲ್ಲಿ ಸುಮ್ನೆ ನಡೆಯುವಾಗ ಅವಳ ಮುಖದಲ್ಲಿ ಒಂದು ಬಗೆಯ ಹಗುರ ಕಾಣುತ್ತದೆ. ಯಾವ ಊರೂ ತನ್ನದಾಗದೆ ಬೆಳೆದ ಹೆಂಗಸಿಗೆ ಶತ್ರುವಿನ ಊರೇ ತನ್ನದು ಅನ್ನಿಸತೊಡಗುತ್ತದೆ. ಅವಳಿಗೆ ಫರ್ಹಾದ್‌ಗಿಂತ ಮೊದಲು ಟೆಹ್ರಾನ್ ಮೇಲೆ ಪ್ರೀತಿ ಹುಟ್ಟುತ್ತದೆ. ಇಡೀ ಸಿನಿಮಾದಲ್ಲಿ ಎಲ್ಲಕ್ಕಿಂತ ನಿಜ ಅನ್ನಿಸಿದ್ದು ಇದೇ.

ಆದರೆ ಫರ್ಹಾದ್ ಯಾರು? ಸಿನಿಮಾ ಮುಗಿದ ಮೇಲೂ ಅವನ ಬಗ್ಗೆ ನನಗೆ ಜಾಸ್ತಿ ಏನೂ ತಿಳಿಯಲಿಲ್ಲ. ಒಳ್ಳೆಯವನು, ಸುಂದರ, ಗುಟ್ಟಿನ ಪಾರ್ಟಿಗಳಿಗೆ ಕರೆದುಕೊಂಡು ಹೋಗುತ್ತಾನೆ. ಅಷ್ಟೇ. ಅವನು ಮನೆಯವರ ಜೊತೆ ಹೇಗೆ ಮಾತಾಡುತ್ತಾನೆ, ಯಾವುದಕ್ಕೆ ನಗುತ್ತಾನೆ, ತನ್ನ ದೇಶದ ಬಗ್ಗೆ ಅವನಿಗೆ ಸಿಟ್ಟಿದೆಯಾ ಅಭಿಮಾನವಿದೆಯಾ, ಗೊತ್ತಾಗುವುದಿಲ್ಲ. ಇದಕ್ಕೆ ಕಾರಣ ಕಥೆ ಹೇಳುವ ರೀತಿಯಲ್ಲೇ ಇದೆ. ಇವರಿಬ್ಬರ ಪ್ರೀತಿಯನ್ನು ನಮಗೆ ಹೇಳುತ್ತಿರುವವನು ಮೂರನೆಯವನು, ಅದೂ ಕಚೇರಿಯ ಮನುಷ್ಯ. ಅವನ ಬಾಯಲ್ಲಿ ಫರ್ಹಾದ್ ಒಂದು ಫೈಲ್ ಆಗಿಬಿಡುತ್ತಾನೆ. ಇನ್ನೊಂದು ಕಾರಣ ಇನ್ನೂ ಆಳದ್ದು. ಈ ಸಿನಿಮಾಗೆ ಆಧಾರ ಯಿಫ್ತಾಹ್ ರೈಖರ್ ಆತಿರ್ ಎಂಬ ಮಾಜಿ ಇಸ್ರೇಲಿ ಸೇನಾಧಿಕಾರಿಯ ಕಾದಂಬರಿ. ಅದರಲ್ಲಿ ಕಥೆ ನಡೆಯುವುದು ಹೆಸರು ಹೇಳದ ಒಂದು ಅರಬ್ ರಾಜಧಾನಿಯಲ್ಲಿ, ಪ್ರಿಯಕರನ ಹೆಸರು ರಶೀದ್. ಸಿನಿಮಾಕ್ಕೆ ತರುವಾಗ ಊರು ಟೆಹ್ರಾನ್ ಆಯಿತು, ರಶೀದ್ ಫರ್ಹಾದ್ ಆದ. ಊರು ಬದಲಾಯಿಸಿದರೂ ಪ್ರೇಮಕಥೆ ಹೆಚ್ಚು ಕಡಿಮೆ ಹಾಗೇ ಉಳಿಯುತ್ತದೆ ಅಂದರೆ, ಆ ಪ್ರೀತಿಯಲ್ಲಿ ಪರ್ಷಿಯನ್ ಆದದ್ದು ಎಷ್ಟಿತ್ತು?

ಇದನ್ನು ಕೇಳುವುದಕ್ಕೆ ಕಾರಣವಿದೆ. ಪ್ರೀತಿ ಮತ್ತು ಮರೆಮಾಚುವಿಕೆಯನ್ನು ಒಂದೇ ದಾರದಲ್ಲಿ ಹೆಣೆಯುವುದು ಪರ್ಷಿಯನ್ ಕಾವ್ಯಕ್ಕೆ ಹೊಸದೇನಲ್ಲ. 12ನೇ ಶತಮಾನದಲ್ಲಿ ಗಂಜಾ ಎಂಬ ಊರಿನ ಕವಿ ನಿಜಾಮಿ ಬರೆದ ಖುಸ್ರೋ ಮತ್ತು ಶಿರೀನ್ ಕಥೆಯನ್ನೇ ನೋಡಿ. ಶತ್ರುಗಳು ರಾಜಕುಮಾರ ಖುಸ್ರೋ ಹೆಸರಿನಲ್ಲಿ ನಾಣ್ಯ ಹೊಡೆಸಿ, ಅಪ್ಪನಿಗೆ ಮಗನ ಮೇಲೆ ಅನುಮಾನ ಬರುವ ಹಾಗೆ ಮಾಡುತ್ತಾರೆ. ಶಾಪೂರ್ ಎಂಬ ಚಿತ್ರಕಾರ ರಾಜಕುಮಾರನ ದೂತನಾಗಿ ಹೋಗಿ, ಶಿರೀನ್ ಓಡಾಡುವ ಕಡೆ ಅವನ ಚಿತ್ರವನ್ನು ಮತ್ತೆ ಮತ್ತೆ ಇಟ್ಟು ಅವಳ ಮನಸ್ಸು ಕದಡುತ್ತಾನೆ. ಇತ್ತ ವೇಷ ಮರೆಸಿಕೊಂಡು ತಪ್ಪಿಸಿಕೊಂಡು ಬರುವ ಖುಸ್ರೋ ದಾರಿಯಲ್ಲಿ ಕೊಳದಲ್ಲಿ ಸ್ನಾನ ಮಾಡುತ್ತಿರುವ ಶಿರೀನ್‌ಳನ್ನು ನೋಡುತ್ತಾನೆ. ಒಬ್ಬರನ್ನೊಬ್ಬರು ಹುಡುಕಿಕೊಂಡು ಹೊರಟ ಇಬ್ಬರೂ ಗುರುತು ಸಿಗದೆ ಬೇರೆ ಬೇರೆ ದಾರಿ ಹಿಡಿಯುತ್ತಾರೆ. ಸುಳ್ಳು ಸುದ್ದಿ, ವೇಷ, ದೂತ, ಗುರುತು ತಪ್ಪುವುದು. ಗೂಢಚಾರ ಪ್ರೇಮಕಥೆಗೆ ಬೇಕಾದ ಎಲ್ಲವೂ ಆಗಲೇ ಅಲ್ಲಿದೆ. ಇಂಥ ಪರಂಪರೆಯ ನೆಲದಲ್ಲಿ ಕಥೆ ಕಟ್ಟುವವರು ಅದನ್ನು ಬರೀ ಹಿಂಬದಿಯ ಪರದೆಯಾಗಿ ಇಳಿಬಿಟ್ಟರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಕನ್ನಡದವರಿಗೆ ಈ ಸಂಸ್ಕೃತಿ ದೂರದ್ದೂ ಅಲ್ಲ. ಬೀದರಿನ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಬಂದದ್ದು ಇರಾನಿನ ಗೀಲಾನ್‌ನಿಂದ. 1472ರ ಆ ಕಟ್ಟಡದ ಗೋಡೆಯಲ್ಲಿ ಪರ್ಷಿಯನ್ ಹೆಂಚುಗಳ ಬಣ್ಣ ಇವತ್ತಿಗೂ ಅಲ್ಲಲ್ಲಿ ಉಳಿದಿದೆ.

ಈಗ ಸೀರೀಸ್‌ಗೆ ಬರೋಣ. ಮೊದಲ ಕಂತು ಶುರುವಾಗುವುದೇ ಭಾರತಕ್ಕೆ ಹೊರಟ ವಿಮಾನದಲ್ಲಿ. ಜೋರ್ಡಾನ್‌ನಿಂದ ದೆಹಲಿಗೆ ಬರಬೇಕಾದ ವಿಮಾನ ಟೆಹ್ರಾನ್‌ನಲ್ಲಿ ತುರ್ತಾಗಿ ಇಳಿಯುತ್ತದೆ. ವಿಮಾನ ನಿಲ್ದಾಣದ ಶೌಚಾಲಯದಲ್ಲಿ ಇಬ್ಬರು ಹೆಂಗಸರು ಬಟ್ಟೆ ಮತ್ತು ಗುರುತು ಬದಲಾಯಿಸಿಕೊಳ್ಳುತ್ತಾರೆ. ಒಬ್ಬಳು ತಮಾರ್ ರಬಿನ್ಯಾನ್, ಇರಾನಿನಲ್ಲಿ ಹುಟ್ಟಿ ಇಸ್ರೇಲಿನಲ್ಲಿ ಬೆಳೆದ ಹ್ಯಾಕರ್. ಇನ್ನೊಬ್ಬಳು ಝೀಲಾ, ವಿದ್ಯುತ್ ಕಂಪನಿಯ ನೌಕರಳು, ಹೇಗಾದರೂ ದೇಶ ಬಿಟ್ಟು ಹೋಗಬೇಕು ಅಂತ ಕಾದವಳು. ಒಬ್ಬಳು ಬಿಟ್ಟು ಹೋಗಲು ಹಂಬಲಿಸುವ ಊರಿನೊಳಕ್ಕೆ ಇನ್ನೊಬ್ಬಳು ಕಳ್ಳತನದಲ್ಲಿ ಹೆಜ್ಜೆ ಇಡುತ್ತಾಳೆ. ಆ ಕೆಲವೇ ನಿಮಿಷಗಳಲ್ಲಿ ಸೀರೀಸ್ ನನ್ನನ್ನು ಹಿಡಿದುಬಿಟ್ಟಿತು. ಬಟ್ಟೆ ಬದಲಾಯಿಸುವುದು ಅಷ್ಟೇ, ಆದರೆ ಆ ದೇಶದಲ್ಲಿ ಹೆಂಗಸಿನ ಮೈಮೇಲಿನ ಬಟ್ಟೆಗೆ ಎಷ್ಟು ತೂಕ ಇದೆ ಅನ್ನುವುದು ಯಾರೂ ಬಾಯಿಬಿಟ್ಟು ಹೇಳದೆಯೇ ಗೊತ್ತಾಗುತ್ತದೆ.

ತಮಾರ್ ಕೆಲಸ ಇರಾನಿನ ವಾಯು ರಕ್ಷಣೆಯ ರಾಡಾರ್‌ಗಳನ್ನು ಕುರುಡು ಮಾಡುವುದು, ಇಸ್ರೇಲಿನ ವಿಮಾನಗಳು ಬಂದು ಬಾಂಬ್ ಹಾಕಲಿ ಅಂತ. ಕೆಲಸ ಮೊದಲ ದಿನವೇ ಕೆಡುತ್ತದೆ. ಓಡಬೇಕಾಗುತ್ತದೆ. ಆಗ ಸಿಗುವವನು ಮಿಲಾದ್. ಆನ್‌ಲೈನ್‌ನಲ್ಲಿ ಮಾತ್ರ ಪರಿಚಯವಿದ್ದ ಹ್ಯಾಕರ್ ಹುಡುಗ, ಸರ್ಕಾರದ ಮೇಲೆ ಸಿಟ್ಟಿರುವವನು. ಮೊದಲು ಒಬ್ಬರಿಗೊಬ್ಬರು ಪರದೆಯ ಮೇಲಿನ ಸುಳ್ಳು ಹೆಸರುಗಳು, ಆಮೇಲೆ ಎದುರು ಬದುರು. ನಿಜಾಮಿಯ ಶಿರೀನ್ ಚಿತ್ರ ನೋಡಿ ಮನಸೋತ ಹಾಗೇ ಇದೂ ಅಲ್ವಾ?

ತಮಾರ್ ಮತ್ತು ಮಿಲಾದ್ ನಡುವಿನ ಸೆಳೆತ ಚೆನ್ನಾಗಿದೆ. ಆದರೂ ನನ್ನ ಮನಸ್ಸು ನಿಂತದ್ದು ಅವರ ಹತ್ತಿರ ಅಲ್ಲ. ತಮಾರ್ ಬೆನ್ನು ಹತ್ತಿರುವ, ಇರಾನಿನ ರೆವಲ್ಯೂಷನರಿ ಗಾರ್ಡ್ಸ್ ಸೇನಾಪಡೆಯ ಅಧಿಕಾರಿ ಫರಾಜ್ ಕಮಾಲಿ ಮತ್ತು ಅವನ ಹೆಂಡತಿ ನಾಹಿದ್ ಹತ್ತಿರ. ಮೊದಲ ಕಂತಿನಲ್ಲಿ ಫರಾಜ್ ಅದೇ ವಿಮಾನ ನಿಲ್ದಾಣದಲ್ಲಿದ್ದಾನೆ. ಹೆಂಡತಿಗೆ ಪ್ಯಾರಿಸ್‌ನಲ್ಲಿ ಮೆದುಳಿನ ಆಪರೇಷನ್. ಜೊತೆಗೆ ಹೋಗಬೇಕಿದ್ದವನು ಕೊನೆಯ ಗಳಿಗೆಯಲ್ಲಿ ಕರ್ತವ್ಯ ಅಂತ ಹಿಂದೆ ಉಳಿಯುತ್ತಾನೆ. ಅಲ್ಲಿಂದ ಮುಂದೆ ಅವರ ದಾಂಪತ್ಯ ನಡೆಯುವುದು ಫೋನಿನಲ್ಲಿ. ವಿಚಾರಣೆ ಕೋಣೆಯಲ್ಲಿ ಎದುರಿನವನನ್ನು ನಡುಗಿಸುವ ಮನುಷ್ಯ ಹೆಂಡತಿಯ ಧ್ವನಿ ಕೇಳಿದ ಕೂಡಲೇ ಮೆತ್ತಗಾಗುತ್ತಾನೆ. ಮುಂದೆ ಇದೇ ಪ್ರೀತಿಯನ್ನು ಹಿಡಿದು ಮೊಸಾದ್ ಅವನನ್ನು ಬಗ್ಗಿಸಲು ನೋಡುತ್ತದೆ. ಖಳನಾಯಕ ಆಗಬೇಕಿದ್ದವನ ಪರವಾಗಿ ನನ್ನ ಎದೆ ಬಡಿದುಕೊಂಡಿತು. ಫರಾಜ್ ಆಗಿರುವ ಶಾನ್ ತೌಬ್ ಟೆಹ್ರಾನ್‌ನಲ್ಲೇ ಹುಟ್ಟಿದವರು. ಟೆಹ್ರಾನ್‌ನಲ್ಲಿ ಮೊಸಾದ್‌ಗಾಗಿ ಕೆಲಸ ಮಾಡುವ ಮಸೂದ್ ಆಗಿರುವ ನವೀದ್ ನೆಗಾಬಾನ್ ಇರಾನಿನ ಮಶ್ಹದ್‌ನವರು. ಹುಟ್ಟಿದ ನೆಲದ ಮಾತಿನಲ್ಲಿ ಆಡುವಾಗ ನಟರ ಭುಜ, ಕೈ, ಮೌನ ಎಲ್ಲ ತಾನಾಗಿ ಸರಿಹೋಗುತ್ತದೆ. ನಾಯಕಿ ನಿವ್ ಸುಲ್ತಾನ್ ಮಾತ್ರ ಈ ಪಾತ್ರಕ್ಕಾಗಿಯೇ ಪರ್ಷಿಯನ್ ಕಲಿತವರು.

ಇನ್ನೂ ಒಂದು ನಂಟಿದೆ. ಎಲ್ಲರೂ ಇಸ್ರೇಲಿಗೆ ಹೋದರೂ ಟೆಹ್ರಾನ್‌ನಲ್ಲೇ ಉಳಿದ ತಮಾರ್‌ಳ ಸಂಬಂಧಿ ಅರೆಜೂ. ಇರಾನಿನವನನ್ನು ಮದುವೆಯಾಗಿ, ಮತ ಬದಲಾಯಿಸಿಕೊಂಡು, ತಾನು ಯಹೂದಿ ಅನ್ನುವುದನ್ನು ಹಿಂದೆ ಬಿಟ್ಟು ಬಾಳುತ್ತಿರುವ ಹೆಂಗಸು. ಅವಳ ಮಗಳು ಸರ್ಕಾರದ ಪರ ಘೋಷಣೆ ಕೂಗುವ ವಿದ್ಯಾರ್ಥಿನಿ. ಅರೆಜೂಗೆ ಯಾವ ಸಂಸ್ಥೆಯೂ ತರಬೇತಿ ಕೊಟ್ಟಿಲ್ಲ, ಆದರೆ ಗುರುತು ಮುಚ್ಚಿಟ್ಟು ಬದುಕುವುದು ಹೇಗೆ ಅಂತ ಅವಳಿಗಿಂತ ಚೆನ್ನಾಗಿ ಈ ಕಥೆಯಲ್ಲಿ ಯಾರಿಗೂ ಗೊತ್ತಿಲ್ಲ. ಅದೂ ಪ್ರೀತಿಗಾಗಿ. ಈ ಮೂರು ನಂಟುಗಳನ್ನು ಪಕ್ಕ ಪಕ್ಕ ಇಟ್ಟಿರುವುದೇ ಸೀರೀಸ್‌ನ ಬಲ. ಸಿನಿಮಾದಲ್ಲಿ ಇಂಥದ್ದಕ್ಕೆ ಜಾಗವೇ ಇಲ್ಲ.

ಜಾಗ ಅಂದಾಗ ಊರಿನ ವಿಷಯ ಹೇಳಬೇಕು. ಸೀರೀಸ್ ತೆಗೆದದ್ದು ಅಥೆನ್ಸ್‌ನಲ್ಲಿ. ಕಾಂಕ್ರೀಟ್ ಅಪಾರ್ಟ್‌ಮೆಂಟ್‌ಗಳು, ಬಾಲ್ಕನಿಗಳು, ಗಿಜಿಗುಡುವ ರಸ್ತೆಗಳು ಒಂದು ಮಟ್ಟಕ್ಕೆ ನಂಬಿಸುತ್ತವೆ. ಆದರೆ ನಿಜವಾದ ಟೆಹ್ರಾನ್‌ನ ಬೆನ್ನಿಗೆ ಅಲ್‌ಬೋರ್ಜ್ ಪರ್ವತ ಗೋಡೆಯ ಹಾಗೆ ನಿಂತಿದೆ. ಊರಿನ ಉತ್ತರ ಭಾಗ ಎತ್ತರದಲ್ಲಿ, ಅಲ್ಲಿ ದುಡ್ಡಿರುವವರು. ದಕ್ಷಿಣಕ್ಕೆ ಇಳಿದ ಹಾಗೆ ಬದುಕೂ ಬಡವಾಗುತ್ತದೆ. ಆ ಇಳಿಜಾರಿನ ಉದ್ದಕ್ಕೂ ವಲಿಅಸ್ರ್ ರಸ್ತೆ, ಎರಡೂ ಕಡೆ ಚಿನಾರ್ ಮರಗಳು, ಬದಿಯಲ್ಲಿ ಹರಿಯುವ ನೀರಿನ ಕಾಲುವೆಗಳು. ಅದು ಎರಡರಲ್ಲೂ ನನಗೆ ಸಿಗಲಿಲ್ಲ. ಬೀದಿಯ ವಾಸನೆ, ಒಂಟಿತನದ ಗಾಳಿ ಇವುಗಳಲ್ಲಿ ಸಿನಿಮಾ ಒಂದು ಕೈ ಮೇಲು ಅಂತಲೇ ಹೇಳುತ್ತೇನೆ. ಸೀರೀಸ್‌ನಲ್ಲಿ ತಮಾರ್ ಓಡುತ್ತಲೇ ಇರುತ್ತಾಳೆ, ನಿಂತು ಊರು ನೋಡಲು ಅವಳಿಗೆ ಪುರುಸೊತ್ತಿಲ್ಲ. ಕೆಲವು ಕಂತುಗಳಲ್ಲಿ ಕಾಕತಾಳೀಯಗಳೂ ಜಾಸ್ತಿಯಾದವು.

‘ಆರ್ಗೋ’ ಯಾಕೆ ಸೇರಿಸಲಿಲ್ಲ ಅಂತ ಕೇಳಬಹುದು. 2012ರ ಆ ಸಿನಿಮಾ ಬಿಗಿಯಾದ ಥ್ರಿಲ್ಲರ್, ಆಸ್ಕರ್ ಗೆದ್ದದ್ದು. ಆದರೆ ಅಲ್ಲಿ ಪ್ರೀತಿಗೆ ಕೆಲಸವಿಲ್ಲ, ಇರಾನಿನ ಜನ ಬಹುಪಾಲು ಕೂಗುವ ಗುಂಪಾಗಿ ಕಾಣುತ್ತಾರೆ. ಇನ್ನೊಂದು ತುದಿಗೆ ‘ಗಾಂಡೋ’ ಇದೆ, 2019ರಲ್ಲಿ ಇರಾನಿನ ಸರ್ಕಾರಿ ವಾಹಿನಿ ತಂದ ಸೀರೀಸ್. ಬಲೂಚಿಸ್ತಾನದ ಮೊಸಳೆಯ ಹೆಸರು ಅದಕ್ಕೆ. ಅಲ್ಲಿ ಹೀರೊಗಳು ಗೂಢಚಾರರನ್ನು ಹಿಡಿಯುವ ಇರಾನಿ ಅಧಿಕಾರಿಗಳು. ನಾನು ಹೋಲಿಸಿದ ಎರಡೂ ಇಸ್ರೇಲಿ ಕಣ್ಣಿನಿಂದ ಹೇಳಿದ ಕಥೆಗಳು ಅನ್ನುವುದು ನೆನಪಿರಲಿ. ಅದರ ಒಳಗಿದ್ದುಕೊಂಡೇ ‘ಟೆಹ್ರಾನ್’ ಎದುರು ಪಾಳಯದ ಮನೆಯ ಬಾಗಿಲು ತೆರೆಯುತ್ತದೆ. 2021ರಲ್ಲಿ ಅತ್ಯುತ್ತಮ ನಾಟಕ ಸರಣಿಗೆ ಇಂಟರ್‌ನ್ಯಾಷನಲ್ ಎಮ್ಮಿ ಬಂದದ್ದು ಸರಿಯಾಗಿಯೇ ಇದೆ.

ನೋಡುವಾಗ ಮನಸ್ಸು ಭಾರವಾಗುವ ವಿಷಯವೊಂದಿದೆ. ಮೊದಲ ಸೀಸನ್ ಬಂದಾಗ ಇಸ್ರೇಲಿನ ವಿಮಾನಗಳು ಇರಾನಿನ ಮೇಲೆ ಬಾಂಬ್ ಹಾಕುವುದು ಕಲ್ಪನೆ. 2025ರ ಜೂನ್‌ನಲ್ಲಿ ಅದು ನಿಜವಾಗಿ ನಡೆಯಿತು, 12 ದಿನ ಯುದ್ಧವಾಯಿತು. ಇರಾನಿನಲ್ಲೂ ಇಸ್ರೇಲಿನಲ್ಲೂ ಜನ ಸತ್ತರು. ಈಗ ರಾಡಾರ್ ಆಫ್ ಆಗುತ್ತಾ ಅನ್ನುವ ಕುತೂಹಲದಿಂದ ಆ ದೃಶ್ಯ ನೋಡಲು ನನಗೆ ಆಗಲಿಲ್ಲ. ಕೆಳಗೆ ಮಿಲಾದ್, ನಾಹಿದ್, ಅರೆಜೂ ಇದ್ದಾರೆ ಅನ್ನುವುದೇ ತಲೆಯಲ್ಲಿತ್ತು. ಸಿನಿಮಾದಲ್ಲಿ ಕೆಳಗಿರುವವರು ಯಾರು ಅಂತ ನಮಗೆ ಪರಿಚಯವೇ ಆಗಿರುವುದಿಲ್ಲ.

ಸಮಯ ಕಡಿಮೆ ಇದ್ದರೆ, ಒಬ್ಬಳೇ ಹೆಂಗಸಿನ ಒಳಮನಸ್ಸು ಸಾಕು ಅಂದರೆ, ‘ದಿ ಆಪರೇಟಿವ್’ ನೋಡಿ. ಎರಡು ಗಂಟೆಯೊಳಗೆ ಮುಗಿಯುತ್ತದೆ. ಪರ್ಷಿಯನ್ ಮನೆ, ದಾಂಪತ್ಯ, ಸಿಟ್ಟು, ಸೌಜನ್ಯ ಎಲ್ಲ ಬೇಕು ಅಂದರೆ ‘ಟೆಹ್ರಾನ್’. ಎರಡನ್ನೂ ನೋಡುವವರು ಸಿನಿಮಾವನ್ನು ಮೊದಲು ನೋಡುವುದು ಒಳ್ಳೆಯದು, ಸೀರೀಸ್ ಆದ ಮೇಲೆ ಫರ್ಹಾದ್ ಇನ್ನೂ ತೆಳ್ಳಗೆ ಕಾಣುತ್ತಾನೆ. ಸೀರೀಸ್‌ನ ಎರಡನೇ ಸೀಸನ್ ಬಿಡಬೇಡಿ. ಗ್ಲೆನ್ ಕ್ಲೋಸ್ ಅದರಲ್ಲಿ ಮನೋಚಿಕಿತ್ಸಕಿಯಾಗಿ ಬಂದು ನಾಹಿದ್‌ಳ ಮನೆಯೊಳಗೇ ಕಾಲಿಡುತ್ತಾರೆ, ನಾಹಿದ್‌ಳ ನಂಬಿಕೆಯೇ ಅಲ್ಲಿ ಆಯುಧವಾಗುತ್ತದೆ. ಮತ್ತೆ, ಡಬ್ಬಿಂಗ್ ಹಾಕಿಕೊಳ್ಳಬೇಡಿ. ಮೂಲ ಧ್ವನಿ ಇಟ್ಟು ಇಂಗ್ಲಿಷ್ ಸಬ್‌ಟೈಟಲ್ ಓದಿ. ತಮಾರ್ ಮೇಲಧಿಕಾರಿಗಳ ಜೊತೆ ಹೀಬ್ರೂ ಆಡುತ್ತಾಳೆ, ಮಿಲಾದ್ ಜೊತೆ ಪರ್ಷಿಯನ್. ಭಾಷೆ ಬದಲಾದ ಕೂಡಲೇ ಅವಳ ಧ್ವನಿಯೂ ಬದಲಾಗುತ್ತದೆ, ಡಬ್ಬಿಂಗ್‌ನಲ್ಲಿ ಅದು ಪೂರ್ತಿ ಅಳಿಸಿಹೋಗುತ್ತದೆ.