ನಂದಿ ಬೆಟ್ಟದ ಲೆಕ್ಕ ಹಿಡಿದು ಲಾ ಮಾರ್ಮೋಟ್‌ಗೆ ಹೋಗಬೇಡಿ

ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳಲ್ಲಿ ಒಂದೇ ದಿನದಲ್ಲಿ ಮುಗಿಸುವ ಸೈಕಲ್ ಸವಾರಿ ಲಾ ಮಾರ್ಮೋಟ್: ಸುಮಾರು 175 ಕಿ.ಮೀ., 5000 ಮೀಟರ್ ಏರು. ನಂದಿಯನ್ನು ಒಂದೇ ದಿನ ಹತ್ತಕ್ಕೂ ಹೆಚ್ಚು ಸಲ ಹತ್ತಿದಷ್ಟು. ಆದರೂ ಬೆಂಗಳೂರಿನಿಂದ ಹೋಗುವವರಲ್ಲಿ ಕೆಲವರು ನಂದಿಗೆ ಸಾಕಾಗುವ ಗೇರಲ್ಲೇ ಹೊರಡುತ್ತಾರೆ. ಕೊನೆಯ ಏರಾದ ಆಲ್ಪ್ ದ್ಯುಯೆಜ್‌ನ ಬುಡದಲ್ಲೇ ಕೆಳಗಿಳಿದು, ಶೂ ಅಡಿಯ ಕ್ಲೀಟ್ (ಪೆಡಲ್‌ಗೆ ಸಿಕ್ಕಿಸುವ ತುಂಡು) ಸವೆಸುತ್ತಾ ಸೈಕಲ್ ತಳ್ಳಬೇಕಾಗುತ್ತದೆ.

ಲೆಕ್ಕ ಸರಳ. ಸವಾರ, ಸೈಕಲ್ ಸೇರಿ 79 ಕೆ.ಜಿ. ಅನ್ನಿ. ಶೇ 10ರ ಏರಿನಲ್ಲಿ, ನಿಮಿಷಕ್ಕೆ 60 ಸುತ್ತು ತುಳಿದರೂ 34-28ರಲ್ಲಿ (ಮುಂದಿನ ಚಕ್ರಕ್ಕೆ 34 ಹಲ್ಲು, ಹಿಂದಿನದಕ್ಕೆ 28) ಸುಮಾರು 210 ವಾಟ್ ಬೇಕು. 34-34ರಲ್ಲಿ 170 ಸಾಕು. 160 ಕಿ.ಮೀ. ಆದ ಕಾಲಿಗೆ ಆ 40 ವಾಟ್ ಎಲ್ಲಿಂದ ಬರಬೇಕು? ಹಿಂದೆ 34 ಹಲ್ಲಿನವರೆಗಿನ ಕ್ಯಾಸೆಟ್ (ಹಿಂಗಾಲಿಯ ಹಲ್ಲುಚಕ್ರಗಳ ಗುಚ್ಛ) ಹಾಕಿಸಿ. ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರ್ ಅಷ್ಟು ದೊಡ್ಡ ಚಕ್ರವನ್ನು ನಿಭಾಯಿಸುತ್ತದೆಯೇ, ಚೈನ್ ಉದ್ದ ಸಾಲುತ್ತದೆಯೇ ಎಂದು ಊರಲ್ಲೇ ನೋಡಿ.

ವಿಮಾನದಲ್ಲಿ ಹೋದ ಸೈಕಲ್‌ನ ಹ್ಯಾಂಗರ್ (ಡಿರೇಲರ್ ಅನ್ನು ಫ್ರೇಮಿಗೆ ಹಿಡಿದಿಡುವ ಸಣ್ಣ ಲೋಹದ ತುಂಡು) ಕಣ್ಣಿಗೆ ಕಾಣದಷ್ಟು ಬಾಗಿರಬಹುದು. ಹೋಟೆಲ್ ಮುಂದೆ ಒಂದು ಸುತ್ತು ಹೊಡೆದರೆ ಗೊತ್ತಾಗುವುದಿಲ್ಲ, ಏಕೆಂದರೆ ಅಲ್ಲಿ ಯಾರೂ ಸ್ಪೋಕಿನ ಪಕ್ಕದಲ್ಲಿರುವ ಅತಿ ಹಗುರ ಗೇರಿಗೆ ಹೋಗುವುದಿಲ್ಲ. ಮೊದಲ ಏರಾದ ಗ್ಲಾಂಡೋನ್‌ನಲ್ಲಿ ಆ ಗೇರಿಗೆ ಹಾಕಿ ಎದ್ದು ತುಳಿದಾಗ ಡಿರೇಲರ್ ಸ್ಪೋಕಿಗೆ ಸಿಕ್ಕಿಕೊಳ್ಳಬಹುದು. ಸಿಕ್ಕಿತೋ, ಅಲ್ಲಿಗೆ ಮುಗಿಯಿತು. ಪ್ಯಾಕ್ ಮಾಡುವಾಗಲೇ ಡಿರೇಲರ್ ಬಿಚ್ಚಿ, ಬಟ್ಟೆ ಸುತ್ತಿ ಚೈನ್‌ಸ್ಟೇಗೆ (ಪೆಡಲ್‌ನಿಂದ ಹಿಂಗಾಲಿಗೆ ಹೋಗುವ ಫ್ರೇಮ್ ಕೊಳವೆ) ಕಟ್ಟಿ. ನಿಮ್ಮ ಫ್ರೇಮಿಗೇ ಹೊಂದುವ ಹ್ಯಾಂಗರ್ ಒಂದು ಜೇಬಿನಲ್ಲಿರಲಿ. ಒಂದರದು ಇನ್ನೊಂದಕ್ಕೆ ಕೂರದು.

ಗ್ಲಾಂಡೋನ್ ಇಳಿಜಾರಿನ ಸಮಯವನ್ನು ಆಯೋಜಕರು ಹಲವು ವರ್ಷಗಳಿಂದ ಲೆಕ್ಕಕ್ಕೇ ಹಿಡಿಯುವುದಿಲ್ಲ. ಜನ ಬೀಳಬಾರದೆಂದೇ ಈ ನಿಯಮ. ಆದರೂ ನುಗ್ಗುವವರಿದ್ದಾರೆ, ಯಾತಕ್ಕೋ! ಬ್ರೇಕ್ ಒತ್ತಿಕೊಂಡೇ ಇಳಿದರೆ, ರಿಮ್ ಬ್ರೇಕ್ ಆದರೆ ಕಾರ್ಬನ್ ರಿಮ್ ಕಾದು ಲೇಟೆಕ್ಸ್ ಟ್ಯೂಬ್ ಒಡೆಯಬಹುದು. ಡಿಸ್ಕ್ ಬ್ರೇಕ್ ಆದರೆ ಪ್ಯಾಡ್ ಗಾಜಿನಂತೆ ನುಣುಪಾಗಿ ಹಿಡಿತ ಬಿಡಬಹುದು. ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ, ನಡುವೆ ಪೂರ್ತಿ ಬಿಡಿ. ಪ್ಯಾಡ್ ಸವೆದು 1 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ ಹೊರಡುವ ಮುಂಚೆಯೇ ಬದಲಿಸಿ.

ಆಮೇಲೆ ಮೋರಿಯೆನ್ ಕಣಿವೆ. ಎದುರುಗಾಳಿಯಲ್ಲಿ ಒಬ್ಬರೇ ತುಳಿಯಬೇಡಿ, ಗುಂಪು ಬರುವವರೆಗೆ ನಿಧಾನ ಮಾಡಿ. ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆ ಸೇರುತ್ತಿರಲಿ, ಹಸಿವಾಗದಿದ್ದರೂ.

ಟೆಲಿಗ್ರಾಫ್ ಘಾಟಿ (1566 ಮೀ.) ಹತ್ತಿ ವಾಲ್ವಾರ್ ಊರಿಗೆ ಇಳಿದರೆ ಮುಂದೆ 18 ಕಿ.ಮೀ. ಗಾಲಿಬಿಯೆ ಏರು. ತುದಿ 2642 ಮೀ.; ಕಣಿವೆಗಿಂತ ಹನ್ನೆರಡು ಡಿಗ್ರಿಯಷ್ಟು ತಂಪು. ಬೆವರಿನಲ್ಲಿ ನೆನೆದ ಜೆರ್ಸಿಯಲ್ಲೇ ಇಳಿದರೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲಾಗದು. ಗಾಳಿ ತಡೆಯುವ ಜಾಕೆಟ್ಟನ್ನು ತುದಿಯಲ್ಲೇ ನಿಂತು ಹಾಕಿಕೊಳ್ಳಿ. ಇಳಿಯುವ ದಾರಿಯಲ್ಲಿ ಲೋತಾರೆ ಘಾಟಿ ದಾಟಿದ ಮೇಲೆ ಸುರಂಗಗಳಿವೆ: ಹಿಂದಿನ ದೀಪ ಉರಿಯುತ್ತಿರಲಿ, ಕಪ್ಪು ಕನ್ನಡಕ ಮೂಗಿನಿಂದ ಕೆಳಗಿಳಿಯಲಿ.

ಇನ್ನು ರೂಮಿನ ವಿಷಯ. ಬೂರ್ ದ್ವಾಸಾನ್‌ನಲ್ಲಿ ಸ್ಟಾರ್ಟ್‌ಗೆ ಹತ್ತಿರವೆಂದು ಬುಕ್ ಮಾಡುತ್ತಾರೆ. ಗಾಲಿಬಿಯೆ ಇಳಿದು ಬರುವ ದಾರಿ ಮತ್ತೆ ಅದೇ ಊರಿಗೆ ಬರುತ್ತದೆ. ಮುಂದೆ 13.8 ಕಿ.ಮೀ., ಸರಾಸರಿ ಶೇ 8.1ರ ಏರು, ಪಕ್ಕದಲ್ಲಿ ಹಾಸಿಗೆ: ಅಲ್ಲೇ ನಿಲ್ಲಿಸುವ ಆಸೆ ಬರುತ್ತದೆ. ಮೇಲೆ ಆಲ್ಪ್ ದ್ಯುಯೆಜ್‌ನಲ್ಲೇ ರೂಮ್ ಮಾಡಿ.